ಮಗುವಿನ ಅಂಗಿಗೆ ಬಿಲ್ಲೆ ನೇಯ್ಗೆಯ ಪಟ್ಟಿ: ನೂಲು ಆರಿಸುವುದರಿಂದ ಕೊನೆಯ ಹೊಲಿಗೆಯವರೆಗೆ

ನನಗೆ ಬರುವ ದೂರುಗಳು ಮೂರೇ. ಪಟ್ಟಿ ಎರಡು ಸೆಂಟಿಮೀಟರ್ ಅಗಲದಲ್ಲಿ ಶುರುವಾಗಿ ಒಂದಕ್ಕೆ ಬಂದು ನಿಂತಿತು. ವಿನ್ಯಾಸ ಅರ್ಧ ದಾರಿಯಲ್ಲಿ ಕಲಸಿಹೋಯಿತು. ಪಟ್ಟಿ ಚೆನ್ನಾಗಿಯೇ ಬಂತು, ಅಂಗಿಯ ಕುತ್ತಿಗೆಗೆ ಮಾತ್ರ ಕೂರಲಿಲ್ಲ. ಮೂರಕ್ಕೂ ಬೇರು ಒಂದೇ: ಮೊದಲು ಮಾಡಬೇಕಾದದ್ದನ್ನು ಆಮೇಲೆ ಮಾಡಿದ್ದು. ನಾನೂ ಅಂಗಿಯನ್ನೇ ಮೊದಲು ಕತ್ತರಿಸಿದವಳು. ಅಕ್ಕನ ಮಗನಿಗೆಂದು ಅಳತೆ ತೆಗೆದು, ಹೊಲಿದು, ಮಡಿಸಿಟ್ಟು, ನಿಧಾನವಾಗಿ ಪಟ್ಟಿ ನೇಯಲು ಕುಳಿತೆ. ಪಟ್ಟಿ ಮುಗಿಯುವಷ್ಟರಲ್ಲಿ ಹುಡುಗನ ಮೊಣಕೈ ತೋಳಿನಿಂದ ಹೊರಗೆ ಬಂದಿತ್ತು.

ಇಲ್ಲಿ ಮಾಡಹೊರಟಿರುವುದು ಹತ್ತನೆಯ ಶತಮಾನದ, ಅಂದರೆ ವೈಕಿಂಗ್ ಕಾಲದ, ಉತ್ತರ ಯೂರೋಪಿನ ರೀತಿಯ, ನಾಲ್ಕು ವರ್ಷದ ಮಗುವಿನ ಅಂಗಿ. ಕುತ್ತಿಗೆಗೂ ಎರಡು ಮುಂಗೈಗೂ ಬಿಲ್ಲೆ ನೇಯ್ಗೆಯ ಪಟ್ಟಿ. ಬಿಲ್ಲೆ ನೇಯ್ಗೆ ಎಂದರೆ ನಾಲ್ಕು ಮೂಲೆಯಲ್ಲಿ ತೂತಿರುವ ಚೌಕ ಬಿಲ್ಲೆಗಳಿಗೆ ಹಾಸಿನ (ಉದ್ದಕ್ಕೆ ಓಡುವ) ಎಳೆಗಳನ್ನು ಪೋಣಿಸಿ, ಬಿಲ್ಲೆಗಳನ್ನು ಕಾಲು ಸುತ್ತು ತಿರುಗಿಸುತ್ತ ಹೊಕ್ಕು (ಅಡ್ಡಕ್ಕೆ ಓಡುವ ಎಳೆ) ಹಾಯಿಸುವುದು. ಮಗ್ಗ ಬೇಕಿಲ್ಲ. ಕಿಟಕಿಯ ಸರಳು ಮತ್ತು ನಿಮ್ಮ ಸೊಂಟ ಸಾಕು.

ಕ್ರಮ ಹೀಗೆ: ಅಳತೆ, ನೂಲು, ಬಿಲ್ಲೆ, ಪೋಣಿಸುವುದು, ನೇಯುವುದು, ತೊಳೆಯುವುದು, ಆಮೇಲೆ ಬಟ್ಟೆಗೆ ಕತ್ತರಿ. ಪಟ್ಟಿ ತೊಳೆದು ಒಣಗುವ ತನಕ ಕತ್ತರಿಯನ್ನು ಬೀರುವಿನಲ್ಲಿಡಿ.

## 1. ಅಳತೆ: ಮಗುವಿಗಿಂತ ಮೊದಲು ಪಟ್ಟಿಯದು

ಮಗುವಿನ ತಲೆಯ ಸುತ್ತಳತೆ ತೆಗೆದುಕೊಳ್ಳಿ. ನಾಲ್ಕು ವರ್ಷಕ್ಕೆ ಅದು ಸುಮಾರು 51 ಸೆಂಟಿಮೀಟರ್ ಇರುತ್ತದೆ. ಅಂಗಿ ತಲೆಯ ಮೇಲಿಂದ ಇಳಿಯಬೇಕಾದ್ದರಿಂದ ಕುತ್ತಿಗೆಯ ತೆರಪಿನ ಒಟ್ಟು ಸುತ್ತು ತಲೆಗಿಂತ 3 ಸೆಂಟಿಮೀಟರಾದರೂ ಹೆಚ್ಚಿರಬೇಕು, ಅಂದರೆ 54. ಇದನ್ನು ಹೀಗೆ ಒದಗಿಸಿಕೊಳ್ಳೋಣ: 14 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಆಳದ ಚೌಕಾಕಾರದ ತೆರಪಿಗೆ 44, ಅದರ ಮುಂಭಾಗದ ನಡುವಿನಿಂದ ಕೆಳಕ್ಕೆ 5 ಸೆಂಟಿಮೀಟರಿನ ಸೀಳು, ಅದರ ಎರಡು ಅಂಚು ಸೇರಿ 10. ಒಟ್ಟು 54.

ಕುತ್ತಿಗೆಗೆ ಮೂಲೆಯ ಮಡಿಕೆಗಳೂ ತುದಿಗಳೂ ಸೇರಿ ಸುಮಾರು 60 ಸೆಂಟಿಮೀಟರ್ ಪಟ್ಟಿ ಬೇಕು. ಮುಂಗೈಗಳಿಗೆ ತಲಾ 21. ಒಟ್ಟು 102. ಕೈತಪ್ಪಿಗೆ ಇಷ್ಟು ಸೇರಿಸಿ 110 ಎಂದಿಟ್ಟುಕೊಳ್ಳಿ. ಕೆಳಗಿನ ಅಂಚಿಗೂ ಪಟ್ಟಿ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ಸಲಕ್ಕೆ ಬೇಡ. ಅದಕ್ಕೆ ಒಂದು ಮೀಟರಿಗೂ ಹೆಚ್ಚು ಪಟ್ಟಿ ಬೇಕು, ಮಗು ಅಂಗಳದಲ್ಲಿ ಕುಳಿತೊಡನೆ ಮೊದಲು ಸವೆಯುವುದೂ ಅದೇ.

ನೇಯುವಾಗ ಹಾಸು ಹುರಿಗೊಂಡು ಗಿಡ್ಡವಾಗುತ್ತದೆ; ತೊಳೆದಾಗ ಇನ್ನಷ್ಟು. ಇವೆರಡಕ್ಕೂ ಸೇರಿ ಶೇಕಡಾ 15ರಷ್ಟು ಹೆಚ್ಚು, ಕಟ್ಟುವುದಕ್ಕೂ ಬಿಲ್ಲೆಗಳಿರುವ ಜಾಗಕ್ಕೂ ಅರ್ಧ ಮೀಟರಿಗಿಂತ ತುಸು ಹೆಚ್ಚು. ಹಾಸಿನ ಪ್ರತಿ ಎಳೆಯೂ 2 ಮೀಟರ್ ಇರಲಿ.

## 2. ನೂಲು: ಹುರಿ ಬಿಗಿಯಿಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ

ಬಿಲ್ಲೆಯ ತೂತಿನಲ್ಲಿ ಎಳೆ ಪ್ರತಿ ತಿರುವಿಗೂ ಉಜ್ಜುತ್ತದೆ. ಹಾಗಾಗಿ ಎರಡೆಳೆ ಸೇರಿಸಿ ಬಿಗಿಯಾಗಿ ಹುರಿ ಮಾಡಿದ ನೂಲೇ ಬೇಕು. ಪರೀಕ್ಷೆ ಸುಲಭ: ಒಂದು ಗೇಣುದ್ದದ ಎಳೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಬಲಗೈ ಹೆಬ್ಬೆರಳಿನ ಉಗುರಿನಿಂದ ಇಪ್ಪತ್ತು ಸಲ ಹಿಂದೆ ಮುಂದೆ ಉಜ್ಜಿ. ರೋಮ ಎದ್ದರೆ ಆ ನೂಲು ಹಾಸಿನ ಎಳೆಗೆ ಆಗದು. ಸ್ವೆಟರ್ ಹೆಣೆಯುವ ಮೆತ್ತನೆಯ ಉಣ್ಣೆ ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ಸೋಲುತ್ತದೆ. ನಮ್ಮ ಕಂಬಳಿಯ ಉಣ್ಣೆಯೂ ಸೋಲುತ್ತದೆ; ಅಲ್ಲದೆ ಅದು ಮಗುವಿನ ಕುತ್ತಿಗೆಗೆ ಚುಚ್ಚುತ್ತದೆ.

ಆ ಕಾಲದ ಪಟ್ಟಿಗಳಲ್ಲಿ ಉಣ್ಣೆ, ಲಿನನ್, ಸಿರಿವಂತರದಾದರೆ ರೇಷ್ಮೆ ಇರುತ್ತಿತ್ತು. ಅಭ್ಯಾಸದ ಮೊದಲ ಪಟ್ಟಿಗೆ ನಾನು ಕ್ರೋಷೆ ಹೆಣೆಯುವ ಹತ್ತಿ ನೂಲನ್ನೇ ಕೊಡುತ್ತೇನೆ. ಅದು ಕಾಲಕ್ಕೆ ಹೊಂದುವುದಿಲ್ಲ ಎಂಬುದು ನಿಜ, ಆದರೆ ಜಾರುತ್ತದೆ, ತುಂಡಾಗುವುದಿಲ್ಲ, ಬಿಚ್ಚಿ ಮತ್ತೆ ನೇಯಬಹುದು. ಎರಡನೆಯ ಪಟ್ಟಿಗೆ ಉಣ್ಣೆ ಹಿಡಿಯಿರಿ.

ಬೇಕಾದಷ್ಟು: ತಿಳಿ ಬಣ್ಣದ್ದು 20 ಮೀಟರ್, ಗಾಢ ಬಣ್ಣದ್ದು 60, ಅಂಚಿನ ಬಣ್ಣದ್ದು 32, ಹೊಕ್ಕಿಗೆ ಅಂಚಿನ ಬಣ್ಣದ್ದೇ ಇನ್ನು 15. ಹೊಕ್ಕು ಪಟ್ಟಿಯ ಎರಡು ಬದಿಯಲ್ಲಿ ಮಾತ್ರ ಚುಕ್ಕೆಯಾಗಿ ಇಣುಕುತ್ತದೆ. ಅದು ಅಂಚಿನ ಬಣ್ಣದ್ದೇ ಆಗಿದ್ದರೆ ನಿಮ್ಮ ಅರ್ಧ ತಪ್ಪುಗಳು ಕಾಣುವುದೇ ಇಲ್ಲ.

ಬಣ್ಣವನ್ನು ಮನೆಯಲ್ಲೇ ಹಾಕುವವರಿಗೆ ಒಂದು ಮಾತು. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟ್ ಅಗೆತದಲ್ಲಿ ವೈಕಿಂಗ್ ಕಾಲದ ಬಣ್ಣದ ಗಿಡಗಳ ಅವಶೇಷ ಸಿಕ್ಕಿವೆ: ಕೆಂಪಿಗೆ ಮ್ಯಾಡರ್, ನೀಲಿಗೆ ವೋಡ್. ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ವೋಡ್ ಎಲೆ ಕೊಡುವ ನೀಲಿಯೂ ನಮ್ಮ ನೀಲಿ ಗಿಡದ ನೀಲಿಯೂ ರಸಾಯನದಲ್ಲಿ ಒಂದೇ. ಹಾಗಾಗಿ ಮಂಜಿಷ್ಠ, ನೀಲಿ ಎರಡನ್ನೂ ನಿರಾತಂಕವಾಗಿ ಬಳಸಿ. ಹಳದಿಗೆಂದು ಅರಿಸಿನ ಮುಟ್ಟಬೇಡಿ. ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಸಾಬೂನು ತಾಗಿದರೆ ಆರತಿಯ ನೀರಿಗೆ ಸುಣ್ಣ ಬಿದ್ದ ಹಾಗೆ ಕೆಂಪಾಗುತ್ತದೆ.

ಬಣ್ಣ ಹಾಕಿದ ನೂಲನ್ನು ಲಡಿಯಲ್ಲೇ ನೆನೆಸಿ, ಬಿಳಿ ಬಟ್ಟೆಯ ಮೇಲೆ ಹಿಂಡಿ ನೋಡಿ. ಬಟ್ಟೆಗೆ ಬಣ್ಣ ಅಂಟಿದರೆ ಇನ್ನೂ ತೊಳೆಯಬೇಕು. ನೇಯ್ದ ಮೇಲೆ ಗೊತ್ತಾದರೆ ತಿಳಿ ಎಳೆಗಳೆಲ್ಲ ಗುಲಾಬಿಯಾಗಿರುತ್ತವೆ.

## 3. ಬಿಲ್ಲೆಗಳು: ಹಳೆಯ ಇಸ್ಪೀಟು ಸಾಕು

ನಾರ್ವೆಯ ಓಸೆಬರ್ಗ್ ಹಡಗು ಸಮಾಧಿ ಕ್ರಿ.ಶ. 834ರದು. 1904ರಲ್ಲಿ ಅಗೆದಾಗ ಅದರಲ್ಲಿ ಎಳೆ ಪೋಣಿಸಿದ್ದು ಪೋಣಿಸಿದ ಹಾಗೆಯೇ 52 ಬಿಲ್ಲೆಗಳ ಕಟ್ಟು ಸಿಕ್ಕಿತು. ಇಸ್ಪೀಟಿನ ಒಂದು ಕಟ್ಟಿನಲ್ಲೂ ಅಷ್ಟೇ ಎಲೆ. ನಮಗೆ ಬೇಕಾಗಿರುವುದು 14, ಜೊತೆಗೆ ಹರಿದರೆ ಎಂದು ಎರಡು.

ಪ್ಲಾಸ್ಟಿಕ್ ಲೇಪವಿರುವ ಎಲೆಗಳನ್ನು 6 ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಪ್ರತಿ ಮೂಲೆಯಿಂದ ಒಂದು ಸೆಂಟಿಮೀಟರ್ ಒಳಕ್ಕೆ ಕಾಗದ ತೂತು ಮಾಡುವ ಪಂಚಿನಿಂದ ತೂತು ಹಾಕಿ. ಮೊದಲ ಬಿಲ್ಲೆಯನ್ನು ಅಚ್ಚಾಗಿಟ್ಟುಕೊಂಡೇ ಉಳಿದವನ್ನು ಮಾಡಿ. ಒಂದರ ತೂತು ಎರಡು ಮಿಲಿಮೀಟರ್ ಆಚೀಚೆಯಾದರೂ ಆ ಬಿಲ್ಲೆಯ ಎಳೆ ಸಡಿಲವಾಗಿ ಪಟ್ಟಿಯ ಮೇಲೆ ಗುಬುರು ಏಳುತ್ತದೆ.

ಈಗ ಬಹಳ ಜನ ಹಾರಿಸಿಬಿಡುವ ಕೆಲಸ. ಎಲ್ಲ ಬಿಲ್ಲೆಗಳನ್ನೂ ಒಂದೇ ಮುಖ ಮೇಲಿರುವಂತೆ ಜೋಡಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ತೂತುಗಳಿಗೆ ಅ, ಆ, ಇ, ಈ ಎಂದು ಬರೆಯಿರಿ. ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಹಾಕಿ. ಬಳಿಕ ಕಟ್ಟನ್ನು ಒತ್ತಿ ಹಿಡಿದು, ಅ ಮತ್ತು ಈ ನಡುವಿನ ಬದಿಯ ದಪ್ಪದ ಮೇಲೆ ಸ್ಕೆಚ್ ಪೆನ್ನಿನಿಂದ ಕೆಂಪು ಗೆರೆ ಎಳೆಯಿರಿ. ನೇಯುವಾಗ ಯಾವುದೋ ಒಂದು ಬಿಲ್ಲೆ ತಾನಾಗಿ ತಿರುಗಿಕೊಂಡಿದ್ದರೆ ಆ ಕೆಂಪು ಗೆರೆಯಲ್ಲಿ ಹಲ್ಲು ಬಿದ್ದಂತೆ ಕಾಣುತ್ತದೆ. ನಿಮ್ಮ ಕಾವಲುಗಾರ ಅದೊಂದೇ.

## 4. ಪೋಣಿಸುವುದು: ಇಲ್ಲಿ ಅವಸರ ಮಾಡಿದವರು ಅಲ್ಲಿ ಅಳುತ್ತಾರೆ

ಇಡೀ ಕೆಲಸದಲ್ಲಿ ಕಷ್ಟದ ಹಂತ ಇದು. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕುಳಿತುಕೊಳ್ಳಿ, ಫೋನನ್ನು ಬೇರೆ ಕೋಣೆಯಲ್ಲಿಡಿ.

14 ಬಿಲ್ಲೆಗೆ ತಲಾ ನಾಲ್ಕರಂತೆ 56 ಎಳೆಗಳು. ಎರಡು ಮೀಟರ್ ದೂರದ ಎರಡು ಮೊಳೆಗಳಿಗೆ ಸುತ್ತಿ ಕತ್ತರಿಸಿದರೆ ಎಲ್ಲವೂ ಒಂದೇ ಉದ್ದ ಬರುತ್ತವೆ. ಕೈ ಚಾಚಿ ಅಂದಾಜಿನಲ್ಲಿ ಕತ್ತರಿಸಬೇಡಿ.

ಯಾವ ತೂತಿಗೆ ಯಾವ ಬಣ್ಣ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ:

1, 2: ನಾಲ್ಕೂ ತೂತಿಗೆ ಅಂಚಿನ ಬಣ್ಣ.
3: ತಿಳಿ ಎಳೆ ಅ ತೂತಿಗೆ.
4: ಆ ತೂತಿಗೆ.
5: ಇ ತೂತಿಗೆ.
6: ಈ ತೂತಿಗೆ.
7: ಅ ತೂತಿಗೆ.
8: ಅ ತೂತಿಗೆ.
9: ಈ ತೂತಿಗೆ.
10: ಇ ತೂತಿಗೆ.
11: ಆ ತೂತಿಗೆ.
12: ಅ ತೂತಿಗೆ.
13, 14: ನಾಲ್ಕೂ ತೂತಿಗೆ ಅಂಚಿನ ಬಣ್ಣ.

3ರಿಂದ 12ರವರೆಗೆ ಉಳಿದ ಮೂರು ತೂತುಗಳಿಗೂ ಗಾಢ ಬಣ್ಣ. ತಿಳಿ ಎಳೆ ಒಂದೊಂದು ಬಿಲ್ಲೆಗೂ ಒಂದೊಂದು ಮನೆ ಸರಿಯುತ್ತ ನಡುವಿಗೆ ಬಂದು, ಅಲ್ಲಿಂದ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಅದರಿಂದಲೇ ಬಾಣದ ತುದಿಯಂಥ ಗೆರೆ ಮೂಡುವುದು.

ಇನ್ನು ದಿಕ್ಕು. ಬಿಲ್ಲೆಗಳೆಲ್ಲ ನಿಂತಿರಬೇಕು, ಅಕ್ಷರ ಬರೆದ ಮುಖ ಎಲ್ಲಕ್ಕೂ ಬಲಗಡೆಗೇ ಇರಬೇಕು. 1ರಿಂದ 7ರವರೆಗಿನ ಬಿಲ್ಲೆಗಳಿಗೆ ಎಳೆಯನ್ನು ಎಡ ಮುಖದಿಂದ ತೂರಿಸಿ ಬಲ ಮುಖದಿಂದ ಹೊರತೆಗೆಯಿರಿ. 8ರಿಂದ 14ಕ್ಕೆ ಇದರ ತಿರುಗುಮುರುಗು. ಒಂದು ಬಿಲ್ಲೆಯ ನಾಲ್ಕು ಎಳೆಗಳೂ ಒಂದೇ ದಿಕ್ಕಿನಿಂದ ಹೋಗಬೇಕು. ಮೂರು ಹೀಗೆ ಒಂದು ಹಾಗೆ ಆದರೆ ಆ ಬಿಲ್ಲೆ ತಿರುಗುವುದೇ ಇಲ್ಲ.

ಪೋಣಿಸಿದ ಪ್ರತಿ ಬಿಲ್ಲೆಯ ನಾಲ್ಕು ಎಳೆಗಳನ್ನು ಆಚೆ ತುದಿಯಲ್ಲಿ ಕೂಡಿಸಿ ಗಂಟು ಹಾಕಿ, ಕಟ್ಟಿನ ಮೇಲಿಡಿ. ಎಲ್ಲ ಮುಗಿದ ಮೇಲೆ ಕಟ್ಟಿಗೆ ಸುತ್ತಲೂ ರಬ್ಬರ್ ಬ್ಯಾಂಡ್ ಹಾಕಿ. ನೇಯ್ಗೆ ನಿಲ್ಲಿಸುವಾಗಲೆಲ್ಲ ಈ ರಬ್ಬರ್ ಬ್ಯಾಂಡ್ ಬೇಕು. ಬೆಕ್ಕಿರುವ ಮನೆಯಲ್ಲಿ ಎರಡು.

ಸರಿಯಾಗಿದೆಯೇ ಎಂದು ನೋಡುವ ಬಗೆ: ಹಾಸನ್ನು ಬಿಗಿದು ಮೇಲಿನಿಂದ ನೋಡಿ. ಬಿಲ್ಲೆಗಳು ನೆಟ್ಟಗೆ ಇರದೆ ತುಸು ವಾಲಿಕೊಳ್ಳುತ್ತವೆ. ಎಡಗಡೆಯ ಏಳೂ ಒಂದು ಕಡೆಗೆ, ಬಲಗಡೆಯ ಏಳೂ ಅದಕ್ಕೆ ಎದುರಾಗಿ ವಾಲಿದ್ದರೆ ಸರಿ. ನಡುವೆ ಯಾವುದಾದರೂ ಒಂದು ಗುಂಪಿಗೆ ಸೇರದೆ ಅಡ್ಡ ವಾಲಿದ್ದರೆ ಅದನ್ನು ತಪ್ಪು ದಿಕ್ಕಿನಿಂದ ಪೋಣಿಸಿದ್ದೀರಿ. ಎಳೆ ಬಿಚ್ಚಬೇಕಾಗಿಲ್ಲ, ಆ ಒಂದು ಬಿಲ್ಲೆಯನ್ನು ಪುಸ್ತಕದ ಹಾಳೆ ಮಗುಚಿದಂತೆ ಮಗುಚಿ, ಅಕ್ಷರಗಳ ಜಾಗ ಮತ್ತೆ ಹೊಂದಿಸಿ, ಬಣ್ಣ ಚೀಟಿಗೆ ತಾಳೆಯಾಗುತ್ತದೆಯೇ ನೋಡಿ. ಆಗದಿದ್ದರೆ ಮಾತ್ರ ಬಿಚ್ಚಿ ಪೋಣಿಸಿ.

## 5. ಬಿಗಿ ಕಟ್ಟುವುದು

ಆಚೆ ತುದಿಯ ಗಂಟುಗಳನ್ನೆಲ್ಲ ಸೇರಿಸಿ ಕಿಟಕಿಯ ಸರಳಿಗೆ ಕಟ್ಟಿ. ಈಚೆ ತುದಿಯನ್ನು ಒಂದು ಕೋಲಿಗೆ ಗಂಟು ಹಾಕಿ, ಆ ಕೋಲನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ವಾಲಿ. ಗಂಟು ಹಾಕುವ ಮೊದಲು ಎಳೆಗಳನ್ನು ಬೆರಳಿನಿಂದ ತಲೆ ಬಾಚಿದಂತೆ ಬಾಚಬೇಕು. ಒಂದು ಎಳೆ ಸಡಿಲವಿದ್ದರೂ ಅದು ಮುಂದೆ ಮೇಲೆದ್ದು ಹೊಕ್ಕಿಗೆ ಅಡ್ಡ ಬರುತ್ತದೆ.

ಬೆಲ್ಟು ಬೇಡವೆನ್ನುವವರು ಎರಡು ಕ್ಲಾಂಪುಗಳಿಂದ ಮೇಜಿನ ಎರಡು ತುದಿಗೆ ಬಿಗಿಯಬಹುದು. ಮೈಯ ಭಾರದಿಂದ ಬರುವ ಬಿಗಿಯೇ ನನಗೆ ಇಷ್ಟ. ಬಿಲ್ಲೆ ತಿರುಗಿಸುವಾಗ ಅರೆಗಳಿಗೆ ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ, ಹಿಂದಕ್ಕೆ ವಾಲಿದರೆ ಬಿಗಿಯುತ್ತದೆ.

## 6. ನೇಯುವುದು

ಕೆಂಪು ಗೆರೆ ಮೇಲಿರುವಂತೆ ಎಲ್ಲ ಬಿಲ್ಲೆಗಳನ್ನು ನಿಲ್ಲಿಸಿ. ಮೇಲಿನ ಎರಡು ತೂತಿನ ಎಳೆಗಳಿಗೂ ಕೆಳಗಿನ ಎರಡು ತೂತಿನ ಎಳೆಗಳಿಗೂ ನಡುವೆ ಒಂದು ಬಾಯಿ ತೆರೆದಿರುತ್ತದೆ.

ಆ ಬಾಯಿಯಲ್ಲಿ ಹೊಕ್ಕು ಹಾಯಿಸಿ. ಕಟ್ಟನ್ನು ಎರಡು ಕೈಯಲ್ಲಿ ಹಿಡಿದು, ಮೇಲಿನ ಬದಿ ನಿಮ್ಮಿಂದ ಆಚೆಗೆ ಹೋಗುವಂತೆ ಕಾಲು ಸುತ್ತು ತಿರುಗಿಸಿ. ಹೊಸ ಬಾಯಿ ತೆರೆಯುತ್ತದೆ. ಮರದ ಸ್ಕೇಲಿನ ಅಂಚಿನಿಂದ ನಿಮ್ಮ ಕಡೆಗೆ ಒಮ್ಮೆ ಬಡಿಯಿರಿ, ಹೊಕ್ಕನ್ನು ಮತ್ತೆ ಹಾಯಿಸಿ. ಇಷ್ಟೇ, ಕೊನೆಯವರೆಗೂ.

ಅಗಲ ಕುಗ್ಗುವ ದೂರಿಗೆ ಮದ್ದು ಹೊಕ್ಕು ಎಳೆಯುವ ರೀತಿಯಲ್ಲಿದೆ. ಹೊಕ್ಕು ಹಾಯಿಸಿದೊಡನೆ ಬಿಗಿದು ಎಳೆಯಬೇಡಿ. ಬದಿಯಲ್ಲಿ ಕಿರುಬೆರಳು ಹಿಡಿಸುವಷ್ಟು ಕುಣಿಕೆ ಬಿಡಿ. ಬಿಲ್ಲೆ ತಿರುಗಿಸಿ, ಬಡಿದು, ಆಮೇಲೆ ಆ ಕುಣಿಕೆಯನ್ನು ಮೆಲ್ಲಗೆ ಎಳೆದು ಅಂಚಿಗೆ ತಾಗುವಂತೆ ಮಾಡಿ, ತಾಗಿದೊಡನೆ ನಿಲ್ಲಿಸಿ. ಮೊದಲ ಐದು ಸೆಂಟಿಮೀಟರ್ ಸಮವಾಗಿ ಬಂದ ಮೇಲೆ ಆ ಅಗಲವನ್ನು ಒಂದು ರಟ್ಟಿನ ಚೂರಿನ ಮೇಲೆ ಗುರುತು ಮಾಡಿಕೊಂಡು, ಪ್ರತಿ ಐದು ಸೆಂಟಿಮೀಟರಿಗೊಮ್ಮೆ ಹಿಡಿದು ನೋಡಿ. ಈ ನೂಲು, ಈ ಹದಿನಾಲ್ಕು ಬಿಲ್ಲೆಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಗಲ ಬರುತ್ತದೆ. ಸ್ವೀಡನ್ನಿನ ಬಿರ್ಕಾದ ಸಮಾಧಿಗಳಲ್ಲಿ ಸಿಕ್ಕಿದ ರೇಷ್ಮೆ ಪಟ್ಟಿಗಳು ಇದಕ್ಕಿಂತ ಕಿರಿದು. ಕೂದಲೆಳೆಯಂಥ ನೂಲಿನಲ್ಲಿ ನೇಯ್ದವು. ಅದನ್ನು ನೋಡಿ ಮೊದಲ ಸಲವೇ ಹೊಲಿಗೆ ದಾರದಲ್ಲಿ ನೇಯಲು ಹೋದವರು ಒಂದು ಗೇಣು ಮುಟ್ಟುವ ಮೊದಲೇ ಕೈಬಿಟ್ಟಿದ್ದಾರೆ.

ಮೊದಲ ಎಂಟು ತಿರುವು ಮುಂದಕ್ಕೆ, ಮುಂದಿನ ಎಂಟು ಹಿಂದಕ್ಕೆ ನೇಯ್ದು ಎರಡನ್ನೂ ಹೋಲಿಸಿ. ಒಂದು ದಿಕ್ಕಿನಲ್ಲಿ ಬಾಣದ ಗೆರೆ ನಯವಾಗಿ ಹರಿಯುತ್ತದೆ, ಇನ್ನೊಂದರಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಇದು ತಪ್ಪಲ್ಲ; ಎಳೆ ಹುರಿಗೊಳ್ಳುವ ಓರೆಯೂ ವಿನ್ಯಾಸದ ಓರೆಯೂ ಒಂದೇ ಕಡೆಗಿದ್ದರೆ ನಯ, ಎದುರಾದರೆ ಮೆಟ್ಟಿಲು. ಈ ತುಂಡು ಪರೀಕ್ಷೆಗೇ ಹೋಯಿತೆಂದು ತಿಳಿಯಿರಿ.

ಬಿರ್ಕಾದ ಪಟ್ಟಿಗಳಲ್ಲಿ ಬೆಳ್ಳಿ ತಂತಿಯ ಹೆಚ್ಚುವರಿ ಹೊಕ್ಕೂ ಇದೆ. ಜರಿ ಕೈಗೆಟುಕುವ ನಾಡಿನವರಾದ ನಮಗೆ ಆಸೆ ಆಗುವುದು ಸಹಜ. ಮಗುವಿನ ಕುತ್ತಿಗೆಗೆ ಬೇಡ: ಗೀರುತ್ತದೆ, ತೊಳೆದಂತೆ ಎಳೆ ಏಳುತ್ತದೆ.

## 7. ಹಾಸಿನಲ್ಲಿ ಹುರಿ ತುಂಬಿದಾಗ

ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದಂತೆ ಬಿಲ್ಲೆಗಳ ಆಚೆಗಿನ ಎಳೆಗಳು ಹಗ್ಗದ ಹಾಗೆ ಹೊಸೆದುಕೊಳ್ಳುತ್ತವೆ. ಬಾಯಿ ಸರಿಯಾಗಿ ತೆರೆಯದಿರುವುದು, ಬಿಲ್ಲೆ ತಿರುಗಿಸಲು ಬಲ ಬೇಕಾಗುವುದು ಇದರ ಮುನ್ಸೂಚನೆ. ಆಗ ಬಲ ಹಾಕಿದರೆ ಎಳೆ ತುಂಡಾಗುತ್ತದೆ.

ದಾರಿ ಎರಡು. ಹದಿನಾರು ತಿರುವು ಮುಂದಕ್ಕೆ, ಹದಿನಾರು ಹಿಂದಕ್ಕೆ ನೇಯ್ದರೆ ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಬಾಣದ ತುದಿಗಳು ತಿರುವಿನಲ್ಲಿ ಎದುರುಬದುರಾಗಿ ಹರಳಿನಾಕಾರ ಕಟ್ಟುತ್ತವೆ. ಅರ್ಧ ಪಟ್ಟಿ ನಯ, ಅರ್ಧ ಮೆಟ್ಟಿಲು. ಮೊದಲ ಪಟ್ಟಿಗೆ ಇದೇ ಸಾಕು. ದಿಕ್ಕು ಬದಲಿಸುವ ಜಾಗದಲ್ಲಿ ಹೊಕ್ಕು ಸಡಿಲವಾಗುವುದರಿಂದ ಅಲ್ಲಿ ಎರಡು ಸಲ ಬಡಿಯಿರಿ.

ಇಡೀ ಪಟ್ಟಿ ನಯವಾಗಿಯೇ ಬೇಕೆನ್ನುವವರು ಒಂದೇ ದಿಕ್ಕಿನಲ್ಲಿ ನೇಯುತ್ತ, ಹುರಿ ತುಂಬಿದಾಗ ಕಿಟಕಿಯ ತುದಿ ಬಿಚ್ಚಿ, ಒಂದೊಂದು ಬಿಲ್ಲೆಯ ನಾಲ್ಕು ಎಳೆಗಳನ್ನೂ ಬೇರೆ ಬೇರೆಯಾಗಿ ಬಿಡಿಸಿ ಮತ್ತೆ ಕಟ್ಟಬೇಕು. ಪ್ರತಿ ಬಿಲ್ಲೆಯ ಗಂಟಿಗೆ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ, ತಿರುಗುವ ಪುಟ್ಟ ಕೊಂಡಿ ಸಿಕ್ಕಿಸಿದರೆ ಈ ಶ್ರಮ ಕಡಿಮೆ.

ಎಷ್ಟನೆಯ ತಿರುವು ಎಂಬುದನ್ನು ಬಾಯಲ್ಲಿ ಎಣಿಸಬೇಡಿ. ಬಾಗಿಲು ಬಡಿದರೆ ಮರೆಯುತ್ತೀರಿ. ಒಂದು ಬಟ್ಟಲಲ್ಲಿ ಹದಿನಾರು ಹುಣಸೆ ಬೀಜ ಇಟ್ಟು, ತಿರುವಿಗೊಂದರಂತೆ ಇನ್ನೊಂದು ಬಟ್ಟಲಿಗೆ ಹಾಕಿ.

## 8. ತಪ್ಪಾದಾಗ

ವಿನ್ಯಾಸದಲ್ಲಿ ಒಂಟಿ ಚುಕ್ಕೆ ದಾರಿ ತಪ್ಪಿ ಕಂಡರೆ ಒಂದು ಬಿಲ್ಲೆ ತಿರುಗಿಲ್ಲ ಅಥವಾ ಎರಡು ಸಲ ತಿರುಗಿದೆ. ಕೆಂಪು ಗೆರೆ ಯಾವುದೆಂದು ಹೇಳುತ್ತದೆ. ಎರಡು ಮೂರು ಹೊಕ್ಕಿನ ಹಿಂದೆ ಆದದ್ದಾದರೆ ಬಿಚ್ಚಿ: ಕೊನೆಯ ಹೊಕ್ಕು ತೆಗೆಯಿರಿ, ಕಟ್ಟನ್ನು ನೇಯುವಾಗ ತಿರುಗಿಸಿದ ದಿಕ್ಕಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿ, ಮುಂದಿನ ಹೊಕ್ಕು ತೆಗೆಯಿರಿ. ಹೊಕ್ಕು ತೆಗೆಯದೆ ಎರಡು ಸಲ ತಿರುಗಿಸಿದರೆ ಕಥೆ ಮುಗಿಯಿತು.

ಹಾಸಿನ ಎಳೆ ತುಂಡಾದರೆ ಗಂಟು ಹಾಕಬೇಡಿ. ಗಂಟು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಬಣ್ಣದ ಹೊಸ ಎಳೆಯನ್ನು ತೂತಿಗೆ ತೂರಿಸಿ, ನೇಯ್ದ ಭಾಗಕ್ಕೆ ಗುಂಡುಸೂಜಿ ಚುಚ್ಚಿ ಎಂಟಂಕಿಯಂತೆ ಸುತ್ತಿ ಹಿಡಿಸಿ, ಆಚೆ ತುದಿಯನ್ನು ಸರಳಿಗೆ ಕಟ್ಟಿ. ತುದಿಗಳನ್ನು ಆಮೇಲೆ ಸೂಜಿಯಿಂದ ಹಿಂಬದಿಗೆ ಹೊಲಿದುಬಿಡಬಹುದು.

## 9. ತೊಳೆದು, ಒಣಗಿಸಿ, ಅಳೆಯಿರಿ

ಪಟ್ಟಿಯನ್ನು ಸರಳಿನಿಂದ ಬಿಡಿಸುವ ಮೊದಲು, ಇನ್ನೂ ಬಿಗಿಯಾಗಿರುವಾಗಲೇ, ಎರಡು ತುದಿಗೂ ಅಡ್ಡಕ್ಕೆ ಎರಡು ಸಾಲು ಹೊಲಿಗೆ ಹಾಕಿ. ಆಮೇಲೆ ಕತ್ತರಿಸಿ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ತಂತಿಗೆ ನೇತುಹಾಕಿದರೆ ತಿರುಚಿಕೊಳ್ಳುತ್ತದೆ.

ಒಣಗಿದ ಮೇಲೆ ಅಳೆಯಿರಿ. 102 ಇದ್ದರೆ ಮುಂದೆ ಹೋಗಿ. 95 ಇದ್ದರೆ ಮುಂಗೈ ಬಿಟ್ಟು ಕುತ್ತಿಗೆಗೆ ಮಾತ್ರ ಹಚ್ಚಿ. ಎಳೆದು ಉದ್ದ ಮಾಡುವ ಯೋಚನೆ ಬೇಡ, ಮೊದಲ ಒಗೆತಕ್ಕೇ ಅಂಗಿಯ ಕುತ್ತಿಗೆ ಸುಕ್ಕಾಗುತ್ತದೆ. ಅಂಗಿಯ ಬಟ್ಟೆಯನ್ನೂ ಇದೇ ದಿನ ನೆನೆಸಿ ಒಣಗಿಸಿ.

## 10. ಈಗ ಅಂಗಿ

ಉತ್ತರ ಯೂರೋಪಿನ ಒದ್ದೆ ಮಣ್ಣಿನಲ್ಲಿ ಆ ಕಾಲದ ಮಕ್ಕಳ ಉಡುಪು ಇಡಿಯಾಗಿ ಉಳಿದದ್ದು ತೀರಾ ವಿರಳ. ಹಾಗಾಗಿ ದೊಡ್ಡವರ ಅಂಗಿಯ ಕತ್ತರಿಕೆಯನ್ನೇ ಕಿರಿದು ಮಾಡಿಕೊಳ್ಳುತ್ತೇವೆ: ಆಯತ, ಚೌಕ, ತ್ರಿಕೋನ, ಚೂರೂ ವ್ಯರ್ಥವಿಲ್ಲ. ಚಳಿನಾಡಿನಲ್ಲಿರುವವರು ತೆಳು ಉಣ್ಣೆಯ ಬಟ್ಟೆ ತನ್ನಿ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಮಗುವಿಗೆ ಹಾಕುವವರು ದಯವಿಟ್ಟು ಲಿನನ್ ತನ್ನಿ. ಅದೂ ಆ ಕಾಲದ್ದೇ.

ಎಲ್ಲ ಅಳತೆಯೂ ಹೊಲಿಗೆಯ ಅಂಚು ಸೇರಿ, ಸೆಂಟಿಮೀಟರಿನಲ್ಲಿ:

ಮೈ: 39 ಅಗಲ, 134 ಉದ್ದ, ಭುಜದಲ್ಲಿ ಮಡಚಿದ ಒಂದೇ ತುಂಡು. ತೋಳು: 36 ಉದ್ದ, ಭುಜದ ಕಡೆ 30, ಮುಂಗೈ ಕಡೆ 21, ಎರಡು. ಕಂಕುಳ ಚೌಕ: 9ಕ್ಕೆ 9, ಎರಡು. ಪಕ್ಕದ ತ್ರಿಕೋನ: 13ಕ್ಕೆ 34ರ ಎರಡು ಆಯತ, ಪ್ರತಿಯೊಂದನ್ನೂ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ, ಎರಡು ತುಂಡುಗಳ ನೇರ ಬದಿಯನ್ನು ಸೇರಿಸಿ ಹೊಲಿದರೆ ಒಂದೊಂದು ಪಕ್ಕಕ್ಕೆ ಒಂದೊಂದು ತ್ರಿಕೋನ.

ಕುತ್ತಿಗೆಯನ್ನು ದುಂಡಗೆ ಕತ್ತರಿಸಬೇಡಿ. ಬಿಲ್ಲೆ ನೇಯ್ಗೆಯ ಪಟ್ಟಿ ನೇರ. ಒಂದೂವರೆ ಸೆಂಟಿಮೀಟರ್ ಅಗಲದ್ದು ಮಗುವಿನ ಕತ್ತಿನಷ್ಟು ಸಣ್ಣ ಸುತ್ತಿಗೆ ಬಾಗುವುದಿಲ್ಲ, ಒಳ ಅಂಚು ನೆರಿಗೆ ಬಿದ್ದು ಹೊರ ಅಂಚು ಎದ್ದು ನಿಲ್ಲುತ್ತದೆ. ಮೂರನೆಯ ದೂರು ಹುಟ್ಟುವುದು ಇಲ್ಲೇ. ಡೆನ್ಮಾರ್ಕಿನ ವಿಬೋರ್ಗ್‌ನಲ್ಲಿ ಸಿಕ್ಕಿದ 11ನೆಯ ಶತಮಾನದ ಲಿನನ್ ಅಂಗಿಯ ಕುತ್ತಿಗೆ ಚೌಕವಾಗಿದೆ. ನಮಗೂ ಅದೇ ಮೇಲು. ಭುಜದ ಮಡಿಕೆಯಿಂದ ಹಿಂದಕ್ಕೆ 2, ಮುಂದಕ್ಕೆ 6, ಅಗಲ 14. ಇವು ಹೊಲಿದು ಮುಗಿದ ಮೇಲಿನ ಅಳತೆ. ಕತ್ತರಿಸುವಾಗ ನಾಲ್ಕೂ ಬದಿಯಲ್ಲಿ ಒಂದು ಸೆಂಟಿಮೀಟರ್ ಒಳಗೆ ಕತ್ತರಿಸಿ, ಮೂಲೆಗೆ ಕಚ್ಚು ಕೊಟ್ಟು ಮಡಚಿ.

## 11. ಪಟ್ಟಿ ಹಚ್ಚುವ ಸರದಿ

ತೋಳಿನ ಪಟ್ಟಿ ಮೊದಲು, ತೋಳು ಇನ್ನೂ ಚಪ್ಪಟೆಯಾಗಿರುವಾಗ. ಮುಂಗೈ ಅಂಚನ್ನು ಮಡಚಿ ಹೊಲಿದು, ಅದರ ಮೇಲೆ ಪಟ್ಟಿ ಇಟ್ಟು ಎರಡೂ ಬದಿ ಹೊಲಿಯಿರಿ. ಆಮೇಲೆ ತೋಳಿನ ಪಕ್ಕ ಮುಚ್ಚಿದರೆ ಪಟ್ಟಿಯ ತುದಿಗಳು ಹೊಲಿಗೆಯೊಳಗೆ ಸೇರುತ್ತವೆ. ತೋಳು ಮುಚ್ಚಿದ ಮೇಲೆ ಹಚ್ಚಲು ಹೋದರೆ 18 ಸೆಂಟಿಮೀಟರಿನ ಕೊಳವೆಯೊಳಗೆ ನಿಮ್ಮ ಕೈಯೇ ಹೋಗುವುದಿಲ್ಲ.

ಬಳಿಕ ತೋಳನ್ನು ಮೈಗೆ, ಕಂಕುಳ ಚೌಕ, ಪಕ್ಕದ ತ್ರಿಕೋನ, ಪಕ್ಕದ ಹೊಲಿಗೆ. ಕೊನೆಗೆ ಕುತ್ತಿಗೆ. ಪಟ್ಟಿಯನ್ನು ಸೀಳಿನ ಬುಡದಿಂದ ಶುರುಮಾಡಿ ಮೇಲಕ್ಕೆ, ಚೌಕದ ಸುತ್ತ, ಮತ್ತೆ ಸೀಳಿನ ಬುಡಕ್ಕೆ. ಮೂಲೆಯಲ್ಲಿ ಕತ್ತರಿಸದೆ ಓರೆಯಾಗಿ ಮಡಚಿ, ಮಡಿಕೆಯನ್ನು ನಾಲ್ಕು ಹೊಲಿಗೆಯಿಂದ ಹಿಡಿಸಿ. ಮೊದಲು ಇಡೀ ಸುತ್ತಿಗೂ ಕಚ್ಚಾ ಹೊಲಿಗೆ ಹಾಕಿ, ಮಗುವಿಗೆ ತೊಡಿಸಿ ನೋಡಿ. ತಲೆ ಸಲೀಸಾಗಿ ದಾಟಿದರೆ ಮಾತ್ರ ಪಕ್ಕಾ ಹೊಲಿಗೆ. ಸೂಜಿ ಪಟ್ಟಿಯ ಅಂಚಿನ ಹೊಕ್ಕಿನ ಕುಣಿಕೆಯನ್ನು ಮಾತ್ರ ಹಿಡಿಯಲಿ, ಆಗ ದಾರ ಕಾಣುವುದಿಲ್ಲ. ಯಂತ್ರದ ಹೊಲಿಗೆ ಬೇಡ. ಕೆಳಗಿನ ಬಟ್ಟೆ ಮುಂದಕ್ಕೆ ಸರಿದು ಪಟ್ಟಿ ಹಿಂದೆ ಉಳಿಯುತ್ತದೆ.

ಸೀಳಿನ ಮೇಲ್ತುದಿಗೆ ಒಂದು ದಾರದ ಕುಣಿಕೆ, ಒಂದು ಗಟ್ಟಿಯಾಗಿ ಹೊಲಿದ ಬಟ್ಟೆಯ ಗುಂಡಿ. ಕಟ್ಟಿಕೊಳ್ಳುವ ಉದ್ದ ದಾರ ಮಗುವಿನ ಕುತ್ತಿಗೆಗೆ ಯಾವ ಕಾರಣಕ್ಕೂ ಬೇಡ. ಸೂಜಿ ಇರುವ ಬ್ರೂಚ್, ಬಾಯಿಗೆ ಹಾಕಿಕೊಳ್ಳಬಹುದಾದ ಮಣಿ, ಇವೂ ಬೇಡ. ಸಮಾರಂಭದಲ್ಲಿ ಫೋಟೊಗೆ ಚೆನ್ನಾಗಿ ಕಾಣುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

## 12. ಸೊಂಟದ ಮಡಿಕೆ

ಮೈಯ ಉದ್ದದಲ್ಲಿ 8 ಸೆಂಟಿಮೀಟರ್ ಹೆಚ್ಚು ಇಟ್ಟದ್ದು ಇದಕ್ಕೆ. ಕಂಕುಳ ಚೌಕಕ್ಕೂ ತ್ರಿಕೋನದ ತುದಿಗೂ ನಡುವಿನ ಜಾಗದಲ್ಲಿ ಸುತ್ತಲೂ 4 ಸೆಂಟಿಮೀಟರ್ ಆಳದ ಮಡಿಕೆ ಹಿಡಿದು, ಒಳಬದಿಗೆ, ದೊಡ್ಡ ಹೊಲಿಗೆಯಲ್ಲಿ ಹೊಲಿಯಿರಿ. ಈ ಉಪಾಯ ಈಜಿಪ್ಟಿನಿಂದ ಎರವಲು ತಂದದ್ದು: ಅಲ್ಲಿನ ಒಣ ಮರಳಿನಲ್ಲಿ ಉಳಿದ ಕ್ರಿ.ಶ. ಮೊದಲ ಸಹಸ್ರಮಾನದ ಅಂಗಿಗಳಲ್ಲಿ ಸೊಂಟದ ಬಳಿ ಇಂಥ ಮಡಿಕೆಗಳಿವೆ. ವೈಕಿಂಗ್ ಕಾಲವನ್ನು ಮರುಸೃಷ್ಟಿಸುವ ಪ್ರದರ್ಶನಕ್ಕೆಂದೇ ಹೊಲಿಯುವವರು ಮಡಿಕೆ ಬಿಟ್ಟು ಕೆಳ ಅಂಚನ್ನೇ ಅಗಲವಾಗಿ ಮಡಚಿಕೊಳ್ಳಲಿ. ನಡುಪಟ್ಟಿ ಕಟ್ಟಿದರೆ ಮಡಿಕೆ ಹೇಗೂ ಕಾಣುವುದಿಲ್ಲ.

ಮುಂದಿನ ವರ್ಷ ಮಡಿಕೆ ಬಿಚ್ಚಿದಾಗ ಅಡಗಿದ್ದ ಭಾಗ ಹೊಸ ಬಟ್ಟೆಯ ಬಣ್ಣದಲ್ಲೇ ಇದ್ದು ಅಡ್ಡಪಟ್ಟೆಯ ಹಾಗೆ ಕಾಣುತ್ತದೆ. ಎರಡು ಮೂರು ಒಗೆತಕ್ಕೆ ಅದು ಹೊಂದಿಕೊಳ್ಳುತ್ತದೆ. ಉಳಿದ ಏಳೆಂಟು ಸೆಂಟಿಮೀಟರ್ ಪಟ್ಟಿಯನ್ನೂ ಒಂದಿಷ್ಟು ಹೊಕ್ಕಿನ ನೂಲನ್ನೂ ಒಂದು ಲಕೋಟೆಯಲ್ಲಿ ಹಾಕಿ, ಬಣ್ಣದ ಚೀಟಿಯ ಜೊತೆಗೆ ಇಡಿ. ಮೊದಲು ಸವೆಯುವುದು ಬಲ ಮುಂಗೈ.